653ನೇ ನಂಬರಿನ ಗಾಡಿ

ಹಿಂಗಾರು ಹಿಡಿದುಕೊಂಡರೆ ಮೆಟ್ಟುಪಾಳ್ಯದ ಗಾಡಿ ನಿಲ್ಲುವುದು ನೀಲಗಿರಿಯಲ್ಲಿ ಇರುವವರಿಗೆ ಹೊಸ ಸುದ್ದಿಯೇನಲ್ಲ. ಕಲ್ಲಾರು ದಾಟಿದ ಮೇಲೆ ಎಲ್ಲೋ ಗುಡ್ಡ ಜಾರಿತು, ಹಳಿ ಮೇಲೆ ಬಂಡೆ ಬಿತ್ತು, ಮರ ಅಡ್ಡ ಬಿತ್ತು ಅಂತ ವರ್ಷಕ್ಕೊಂದು ಸಲವಾದರೂ ಪೇಪರಿನಲ್ಲಿ ಬರುತ್ತೆ. 2009ರ ನವೆಂಬರಿನಲ್ಲಿ ಮಳೆ ಸುರಿದು ಬೆಟ್ಟಗಳೇ ಕುಸಿದಾಗ ಗಾಡಿ ತಿಂಗಳುಗಟ್ಟಲೆ ಓಡಲಿಲ್ಲ. ಆಗೆಲ್ಲ ಊಟಿ ನೋಡಲು ಬಂದವರು ಬೇಜಾರು ಮಾಡಿಕೊಳ್ಳುತ್ತಾರೆ, ನಾವು ಬಸ್ಸು ಹತ್ತುತ್ತೇವೆ. ಅಷ್ಟೇ.

ನಾನು ಬರೆಯಹೊರಟಿರುವುದು ನಿಲ್ಲಬೇಕಾಗಿದ್ದ ರಾತ್ರಿಯಲ್ಲಿ ನಿಲ್ಲದೆ ಹೊರಟ ಒಂದು ಗಾಡಿಯ ಕಥೆ. ಅದೇ ಹಿಂಗಾರಿನ ಕೊನೆ, ಅದೇ ಚಳಿಗಾಲ. ಊರು ಮಾತ್ರ ಬೇರೆ, ರಾಮೇಶ್ವರದ ಆಚೆಯ ಧನುಷ್ಕೋಡಿ. ಇಸವಿ 1964, ಡಿಸೆಂಬರ್ 22ರ ಮಂಗಳವಾರದ ರಾತ್ರಿ. ಸಮುದ್ರದ ತುದಿಯಲ್ಲಿ ನಡೆದದ್ದಕ್ಕೂ ಬೆಟ್ಟದ ಮೇಲಿರುವ ನಮಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಮುಂದೆ ಬರುತ್ತೆ.

ಮೊದಲು ಆ ಜಾಗ ಹೇಗಿದೆ ಅನ್ನುವುದು ಗೊತ್ತಿರಬೇಕು. ರಾಮೇಶ್ವರಕ್ಕೆ ಹೋಗಿಬಂದವರು ನಮ್ಮಲ್ಲಿ ಮನೆಗೊಬ್ಬರು ಸಿಕ್ಕಾರು. ಕಾಶಿಗೆ ಹೋಗುವವರು ಮೊದಲು ರಾಮೇಶ್ವರಕ್ಕೆ ಹೋಗಿ ಸೇತುವಿನ ಮರಳು ತರಬೇಕು, ಅದನ್ನು ಪ್ರಯಾಗದಲ್ಲಿ ಬಿಡಬೇಕು, ಅಲ್ಲಿಂದ ಗಂಗೆ ತಂದು ರಾಮನಾಥಸ್ವಾಮಿಗೆ ಅಭಿಷೇಕ ಮಾಡಿಸಬೇಕು ಅನ್ನುವುದು ಹಿಂದಿನಿಂದ ಬಂದ ಪದ್ಧತಿ. ಆ ಸೇತು ಸ್ನಾನದ ಜಾಗವೇ ಧನುಷ್ಕೋಡಿ. ರಾಮೇಶ್ವರ ಇರುವುದು ಪಾಂಬನ್ ದ್ವೀಪದಲ್ಲಿ. ಆ ದ್ವೀಪ ಆಗ್ನೇಯ ದಿಕ್ಕಿಗೆ ಸಣ್ಣಗಾಗುತ್ತಾ ಹೋಗಿ ಕೊನೆಗೆ ಮರಳಿನ ಒಂದು ಪಟ್ಟಿ ಮಾತ್ರ ಉಳಿಯುತ್ತೆ. ಒಂದು ಕಡೆ ಪಾಕ್ ಕೊಲ್ಲಿ, ಇನ್ನೊಂದು ಕಡೆ ಮನ್ನಾರ್ ಕೊಲ್ಲಿ. ಅಲ್ಲಿನ ಮೀನುಗಾರರು ಶಾಂತವಾಗಿರುವ ಪಾಕ್ ಕಡೆಯದನ್ನು ಹೆಣ್ಣು ಕಡಲು, ಅಬ್ಬರಿಸುವ ಮನ್ನಾರ್ ಕಡೆಯದನ್ನು ಗಂಡು ಕಡಲು ಅನ್ನುತ್ತಾರೆ. ತಮಿಳಿನಲ್ಲಿ ಕೋಡಿ ಅಂದರೆ ತುದಿ, ಬಿಲ್ಲಿನ ತುದಿ ಅಂತ ಊರಿನ ಹೆಸರು. ನಮ್ಮ ಕನ್ನಡದಲ್ಲಿ ಕೋಡಿ ಅಂದ ಕೂಡಲೇ ನೆನಪಾಗುವುದು ಕೆರೆಯ ಕೋಡಿ, ನೀರು ತುಂಬಿ ಹೊರಗೆ ಬೀಳುವ ಜಾಗ. ಆ ರಾತ್ರಿ ನಡೆದದ್ದಕ್ಕೆ ಈ ಅರ್ಥವೇ ಹತ್ತಿರ.

ಇಂಥ ಮರಳುಪಟ್ಟಿಯ ಮೇಲೆ ಒಂದು ಊರು ಬೆಳೆದದ್ದು ರೈಲಿನಿಂದ. 1914ರಲ್ಲಿ ಪಾಂಬನ್ ಸೇತುವೆ ಮುಗಿದು ಭೂಭಾಗದ ಮಂಡಪಂನಿಂದ ದ್ವೀಪಕ್ಕೆ ಹಳಿ ಬಂತು. ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, 140ಕ್ಕೂ ಹೆಚ್ಚು ಕಣ್ಣುಗಳು. ನಡುವೆ ಹಡಗು ಹೋಗಲು ಎರಡು ರೆಕ್ಕೆಯಂತೆ ಮೇಲಕ್ಕೆ ಏಳುವ ಒಂದು ಭಾಗ. ಅದನ್ನು ಷೆರ್ಜರ್ ಕಣ್ಣು ಅನ್ನುತ್ತಾರೆ. ಅಮೆರಿಕದ ಎಂಜಿನಿಯರೊಬ್ಬನ ಹೆಸರು ಅದು. ಆಳುಗಳು ಕೈಯಿಂದಲೇ ಸನ್ನೆ ತಿರುಗಿಸಿ ಆ ರೆಕ್ಕೆ ಎತ್ತುತ್ತಿದ್ದರು.

ಈ ಸೇತುವೆಯ ಮೇಲೆ ಮದ್ರಾಸಿನ ಎಗ್ಮೋರಿನಿಂದ ಬೋಟ್ ಮೇಲ್ ಬರುತ್ತಿತ್ತು. ಗಾಡಿ ಇಳಿದು ಧನುಷ್ಕೋಡಿಯ ಧಕ್ಕೆಯಲ್ಲಿ ಸ್ಟೀಮರ್ ಹತ್ತಿ, ಸುಮಾರು 30 ಕಿಲೋಮೀಟರ್ ಕಡಲು ದಾಟಿದರೆ ಸಿಲೋನಿನ ತಲೈಮನ್ನಾರ್. ಅಲ್ಲಿ ಕಾದಿರುವ ಗಾಡಿ ಹತ್ತಿದರೆ ಕೊಲಂಬೊ. ಮದ್ರಾಸಿನಿಂದ ಕೊಲಂಬೊಗೆ ಒಂದೇ ಟಿಕೆಟ್! ಹೀಗಾಗಿ ಮೀನುಗಾರರ ಗುಡಿಸಲುಗಳಿದ್ದ ಜಾಗದಲ್ಲಿ ಸ್ಟೇಷನ್ನು, ಸುಂಕದ ಕಟ್ಟೆ, ಪೋಸ್ಟಾಫೀಸು, ಶಾಲೆ, ಚರ್ಚು, ಗುಡಿ, ಯಾತ್ರಿಕರಿಗೆ ಛತ್ರಗಳು ಎಲ್ಲ ಎದ್ದವು. ಆಗ ರೈಲಿನ ಮುಖ್ಯ ದಾರಿ ಹೋಗುತ್ತಿದ್ದದ್ದೇ ಧನುಷ್ಕೋಡಿಗೆ. ರಾಮೇಶ್ವರಕ್ಕೆ ಪಾಂಬನ್‌ನಿಂದ ಒಂದು ಕವಲು ದಾರಿ ಮಾತ್ರ ಇತ್ತು. ಇನ್ನೊಂದು ಮಾತು ನೆನಪಿರಲಿ. ಪಾಂಬನ್‌ನಲ್ಲಿ ಬಸ್ಸು, ಲಾರಿ ಹೋಗುವ ರಸ್ತೆ ಸೇತುವೆ ಬಂದದ್ದು 1988ರಲ್ಲಿ. ಅಂದರೆ 1964ರಲ್ಲಿ ಆ ದ್ವೀಪದವರಿಗೆ ಕಾಲ ಕೆಳಗಿನ ದಾರಿ ಅಂತ ಇದ್ದದ್ದು ರೈಲು ಒಂದೇ. ನಾವು ಗಾಡಿ ನಿಂತರೆ ಬಸ್ಸು ಹತ್ತುತ್ತೇವಲ್ಲ, ಅವರಿಗೆ ಹತ್ತಲು ಬಸ್ಸು ಇರಲಿಲ್ಲ.

ಇನ್ನು ಬಿರುಗಾಳಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮಕ್ಕಳಿಗೆ ಪಾಠ ಮಾಡುವ ಮೇಷ್ಟ್ರುಗಳಿಗೂ ಅನುಕೂಲ ಆದೀತು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುವುದು, ಅದು ಬಲಿತು ಸುಂಟರಗಾಳಿ ಆಗುವುದು ಪ್ರತಿವರ್ಷದ ಮಾತು. ಅಕ್ಟೋಬರ್, ನವೆಂಬರಿನಲ್ಲಿ ಹುಟ್ಟಿದವು ಸಾಮಾನ್ಯವಾಗಿ ಮೇಲಕ್ಕೆ ತಿರುಗಿ ಆಂಧ್ರ, ಒರಿಸ್ಸಾ ಕಡೆಗೆ ಹೋಗುವುದು ಹೆಚ್ಚು. ಡಿಸೆಂಬರಿನವು ಕೆಳಗೇ ಉಳಿದು ಸಿಲೋನ್, ದಕ್ಷಿಣ ತಮಿಳುನಾಡಿನ ಕಡೆಗೆ ಬರುತ್ತವೆ. 1964ರದ್ದು ಡಿಸೆಂಬರ್ 17ರಂದು ಅಂಡಮಾನಿನ ದಕ್ಷಿಣದ ಕಡಲಲ್ಲಿ, ಉತ್ತರ ಅಕ್ಷಾಂಶ 5 ಡಿಗ್ರಿಯ ಹತ್ತಿರ ಕಾಣಿಸಿಕೊಂಡಿತು. ಸಮಭಾಜಕಕ್ಕೆ ಅಷ್ಟು ಹತ್ತಿರ ಚಂಡಮಾರುತ ಹುಟ್ಟುವುದು ಅಪರೂಪ. ಗಾಳಿ ಸುತ್ತು ಹಾಕಬೇಕಾದರೆ ಭೂಮಿಯ ತಿರುಗಾಟ ಅದನ್ನು ಪಕ್ಕಕ್ಕೆ ಎಳೆಯಬೇಕು, ಸಮಭಾಜಕದ ಬಳಿ ಆ ಎಳೆತ ತೀರಾ ಕಡಿಮೆ. ಆದರೂ ಇದು ಹುಟ್ಟಿತು, 19ರ ಹೊತ್ತಿಗೆ ಬಲಿಯಿತು, 21ರಿಂದ ನೇರ ಪಡುವಣಕ್ಕೆ ಓಡಿತು. 22ರಂದು ಸಿಲೋನಿನ ವವುನಿಯ ದಾಟಿ, ಅಲ್ಲಿನ ಮನ್ನಾರ್ ಸೀಮೆಯನ್ನು ಹಾಳುಮಾಡಿ, ಅದೇ ರಾತ್ರಿ ಧನುಷ್ಕೋಡಿಗೆ ಬಂತು. ಗಾಳಿಯ ವೇಗ ಗಂಟೆಗೆ 280 ಕಿಲೋಮೀಟರ್ ಇತ್ತು ಅಂತ ಅಂದಾಜು.

ಆದರೆ ಕೊಂದದ್ದು ಗಾಳಿಗಿಂತ ಹೆಚ್ಚಾಗಿ ನೀರು. ಚಂಡಮಾರುತ ಕಡಲಿನ ನೀರನ್ನು ತಳ್ಳಿಕೊಂಡು ಬರುತ್ತೆ. ಆಳದ ಕಡಲಾದರೆ ಆ ನೀರು ಕೆಳಕ್ಕೆ ಹರಿದು ಹೋದೀತು. ಪಾಕ್ ಕೊಲ್ಲಿಯ ಹಾಗೆ ಆಳವಿಲ್ಲದ ಜಾಗವಾದರೆ ಹೋಗಲು ದಾರಿಯಿಲ್ಲದೆ ಗೋಡೆಯಂತೆ ಏಳುತ್ತೆ. ಹುಣ್ಣಿಮೆ ಕಳೆದು ಮೂರೇ ದಿನ ಆಗಿತ್ತು, ಉಬ್ಬರದ ಬಲವೂ ಇನ್ನೂ ಇಳಿದಿರಲಿಲ್ಲ. 20 ಅಡಿಗೂ ಮೇಲೆ ನೀರು ಎದ್ದಿತು ಅನ್ನುತ್ತಾರೆ. ಆ ಮರಳುಪಟ್ಟಿ ಕಡಲ ಮಟ್ಟದಿಂದ ಕೆಲವೇ ಅಡಿ ಎತ್ತರ. ಹೆಣ್ಣು ಕಡಲು, ಗಂಡು ಕಡಲು ಎರಡೂ ಒಂದಾದವು.

ಈಗ ಗಾಡಿಗೆ ಬರೋಣ. 653ನೇ ನಂಬರಿನ ಪಾಂಬನ್–ಧನುಷ್ಕೋಡಿ ಪ್ಯಾಸೆಂಜರ್. ಮದ್ರಾಸಿನ ದೊಡ್ಡ ಗಾಡಿಯಲ್ಲ, ದ್ವೀಪದೊಳಗೆ ಓಡಾಡುವ ಸಣ್ಣ ಗಾಡಿ. ಮಧ್ಯರಾತ್ರಿಗೆ ಐದು ನಿಮಿಷ ಇರುವಾಗ ಪಾಂಬನ್ ಬಿಟ್ಟಿತು. ಅದರಲ್ಲಿ 110 ಜನ ಪ್ರಯಾಣಿಕರು, 5 ಜನ ರೈಲ್ವೆ ನೌಕರರು. ಧನುಷ್ಕೋಡಿ ಸ್ಟೇಷನ್ನು ಇನ್ನು ಕೆಲವು ನೂರು ಗಜ ಇದೆ ಅನ್ನುವಾಗ ಕಡಲು ಇಡೀ ಗಾಡಿಯನ್ನು ಎತ್ತಿಕೊಂಡು ಹೋಯ್ತು. ಒಬ್ಬರೂ ಉಳಿಯಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಥೆಯನ್ನು ಹೇಳುವವರೆಲ್ಲ ಒಂದು ವಿವರ ಸೇರಿಸುತ್ತಾರೆ: ಸಿಗ್ನಲ್ ಬೀಳಲಿಲ್ಲ, ಡ್ರೈವರು ಕತ್ತಲಲ್ಲಿ ಗಾಡಿ ನಿಲ್ಲಿಸಿಕೊಂಡು ಕಾದ, ಶಿಳ್ಳೆ ಹಾಕಿದ, ಉತ್ತರ ಬರಲಿಲ್ಲ, ಕೊನೆಗೆ ಧೈರ್ಯ ಮಾಡಿ ಮುಂದೆ ಬಿಟ್ಟ ಅಂತ. ಪುಸ್ತಕಗಳಲ್ಲೂ ಹೀಗೇ ಇದೆ. ಆದರೆ ಗಾಡಿಯಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ ಅಂದಮೇಲೆ ಡ್ರೈವರು ಕಾದದ್ದನ್ನು, ಮನಸ್ಸು ಗಟ್ಟಿಮಾಡಿದ್ದನ್ನು ಕಂಡವರು ಯಾರು? ತಂತಿ, ಸಿಗ್ನಲ್ ಎಲ್ಲ ಗಾಳಿಗೆ ಹೋಗಿದ್ದವು ಅನ್ನುವುದು ನಂಬುವ ಮಾತೇ. ಡ್ರೈವರಿನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಆಮೇಲೆ ಸೇರಿದ್ದು. ಜನ ಹಾಗೆ ಸೇರಿಸುವುದು ಸಹಜ. ನೂರು ಜನರ ಸಾವಿಗೆ ಯಾರೋ ಒಬ್ಬನ ನಿರ್ಧಾರ ಕಾರಣ ಅಂದರೆ ಮನಸ್ಸಿಗೆ ಒಂದು ಹಿಡಿತ ಸಿಗುತ್ತೆ. ನನಗೆ ಮಾತ್ರ ಆ ಬಡಪಾಯಿ ಡ್ರೈವರಿನ ತಲೆಗೆ ಇದನ್ನು ಕಟ್ಟುವುದು ಸರಿ ಕಾಣುವುದಿಲ್ಲ. ಅವನಿಗೆ ಮುಂದೆ ಏನಿದೆ ಅಂತ ಹೇಳುವವರು ಇರಲಿಲ್ಲ, ಹಿಂದೆ ಪಾಂಬನ್‌ಗೆ ಕೇಳಲು ತಂತಿಯೂ ಇರಲಿಲ್ಲ. ಗಾಡಿ ಪಾಂಬನ್ ಬಿಡುವಾಗಲೇ ಆಗಬೇಕಾಗಿದ್ದ ತೀರ್ಮಾನ ಅದು.

ಯಾಕೆ ಬಿಟ್ಟರು? ಟೈಮ್‌ಟೇಬಲ್ ಇತ್ತು, ಬಿಟ್ಟರು. ಡಿಸೆಂಬರಿನಲ್ಲಿ ಆ ಕರಾವಳಿಯಲ್ಲಿ ಗಾಳಿಮಳೆ ಹೊಸದಲ್ಲ. ಪ್ರತಿ ಗಾಳಿಗೂ ಗಾಡಿ ನಿಲ್ಲಿಸಿದರೆ ರೈಲು ಓಡಿಸಿದ ಹಾಗೇ. ಯಾವ ಗಾಳಿ ಬರೀ ಗಾಳಿ, ಯಾವುದು ಊರನ್ನೇ ಒಯ್ಯುವುದು ಅಂತ ಮುಂಚೆ ನೋಡಿ ಹೇಳುವ ಕಣ್ಣು ಆಗ ಕರಾವಳಿಗೆ ಇರಲಿಲ್ಲ. ನಮ್ಮ ದೇಶದಲ್ಲಿ ಚಂಡಮಾರುತ ಪತ್ತೆಮಾಡುವ ರೇಡಾರು ಮೊದಲು ಬಂದದ್ದು 1970ರಲ್ಲಿ, ವಿಶಾಖಪಟ್ಟಣದಲ್ಲಿ.

110 ಅನ್ನುವ ಲೆಕ್ಕದ ಬಗ್ಗೆಯೂ ಒಂದು ಮಾತು. ಅದರಲ್ಲಿ ಟಿಕೆಟ್ ಇಲ್ಲದೆ ಹತ್ತಿದವರು ಸೇರಿಲ್ಲ, ಸತ್ತವರು 200ರ ಹತ್ತಿರ ಇರಬಹುದು ಅಂತಲೂ ಆಗಲೇ ಮಾತಿತ್ತು. ಮೀನಿನ ಬುಟ್ಟಿ ಹೊತ್ತವರು, ಕೂಲಿಗಳು, ಸಾಧುಗಳು ನಾಲ್ಕು ಸ್ಟೇಷನ್ನಿನ ದೂರಕ್ಕೆ ಟಿಕೆಟ್ ತೆಗೆದುಕೊಳ್ಳುತ್ತಿದ್ದರು ಅಂತ ನೀವು ನಂಬುತ್ತೀರಾ? ಸಣ್ಣ ಗಾಡಿಗಳಲ್ಲಿ ಓಡಾಡಿದ ಯಾರಿಗೂ ಗೊತ್ತು. ಹಾಗಾಗಿ ಚರಿತ್ರೆಯಲ್ಲಿ ಉಳಿದ ಸಂಖ್ಯೆ ಕೌಂಟರಿನಲ್ಲಿ ಕಾಸು ಕೊಟ್ಟವರ ಸಂಖ್ಯೆ. ಆ ರಾತ್ರಿ ಕಡಲಿನ ಎರಡೂ ದಡಗಳಲ್ಲಿ ಸೇರಿ ಸತ್ತವರು ಸುಮಾರು 1800 ಅನ್ನುತ್ತಾರೆ. ಅದೂ ಹೀಗೇ ಒಂದು ಅಂದಾಜು. ಧನುಷ್ಕೋಡಿಯ ಗುಡಿಸಲುಗಳಲ್ಲಿ ಎಷ್ಟು ಜನ ಮಲಗಿದ್ದರು ಅಂತ ಬರೆದಿಟ್ಟುಕೊಂಡವರು ಯಾರೂ ಇರಲಿಲ್ಲ. ಆ ದಿನಗಳಲ್ಲಿ ಸಿನಿಮಾದ ಜೆಮಿನಿ ಗಣೇಶನ್, ಸಾವಿತ್ರಿ ರಾಮೇಶ್ವರದಲ್ಲಿ ಸಿಕ್ಕಿಕೊಂಡು ಪಾರಾದರು ಅನ್ನುವುದು ಇವತ್ತಿಗೂ ಎಲ್ಲರಿಗೂ ನೆನಪಿದೆ.

ಸುದ್ದಿ ಹೊರಗೆ ಬಂದದ್ದು ಹೇಗೆ ಅನ್ನುವುದನ್ನೂ ನೋಡಿ. ಗಾಡಿ ಹೋಗಿ ಸುಮಾರು 48 ಗಂಟೆಯಾದ ಮೇಲೆ ರೈಲ್ವೆ ಒಂದು ಪ್ರಕಟಣೆ ಕೊಟ್ಟಿತು, ಅದೂ ಮಂಡಪಂನಲ್ಲಿದ್ದ ಕಡಲ ವಿಭಾಗದ ಅಧಿಕಾರಿ ಕಳಿಸಿದ ಮಾಹಿತಿಯ ಮೇಲೆ. ಎರಡು ದಿನ ಒಂದು ಇಡೀ ಗಾಡಿ ಎಲ್ಲಿದೆ ಅನ್ನುವುದು ಹೊರಗಿನ ಲೋಕಕ್ಕೆ ತಿಳಿದಿರಲಿಲ್ಲ. ಸೇತುವೆಯೂ ಹೋಗಿತ್ತು, ತಂತಿಯೂ ಹೋಗಿತ್ತು. ಹೋಗಿ ನೋಡಿ ಬರುವವರು ಯಾರು? ರಾಮೇಶ್ವರದಲ್ಲಿ ನೀರು ದೇವಸ್ಥಾನದ ಹತ್ತಿರದವರೆಗೂ ಬಂದು ನಿಂತಿತ್ತು. ನೂರಾರು ಜನ ಆ ಕಲ್ಲಿನ ಪ್ರಾಕಾರಗಳ ಒಳಗೆ ಕೂತು ಜೀವ ಉಳಿಸಿಕೊಂಡರು. ಧನುರ್ಮಾಸದ ಪೂಜೆಗೆ, ಸೇತು ಸ್ನಾನಕ್ಕೆ ಬಂದ ಯಾತ್ರಿಕರು ದ್ವೀಪದಲ್ಲೇ ಉಳಿದರು.

ಪಾಂಬನ್ ಸೇತುವೆಯಲ್ಲಿ ಕಂಬಗಳು ನಿಂತಿದ್ದವು, ಅವುಗಳ ಮೇಲೆ ಕೂತಿದ್ದ 120ಕ್ಕೂ ಹೆಚ್ಚು ಗರ್ಡರುಗಳು ಕಡಲಿಗೆ ಬಿದ್ದಿದ್ದವು. ನಡುವಿನ ಷೆರ್ಜರ್ ಕಣ್ಣು ಮಾತ್ರ ಅಲ್ಲಾಡದೆ ನಿಂತಿತ್ತು. ಹಲ್ಲು ಉದುರಿದ ಬಾಯಲ್ಲಿ ಒಂದು ಕೋರೆಹಲ್ಲು ಉಳಿದ ಹಾಗೆ.

ಮುಂದಿನ ಭಾಗ ನಿಮಗೆ ಗೊತ್ತಿರಬಹುದು. ಯಾಕೆಂದರೆ ಅದನ್ನು ಮಾಡಿದವರು ಆಮೇಲೆ ದೇಶಕ್ಕೆಲ್ಲ ಪರಿಚಯವಾದರು. ಸೇತುವೆ ಸರಿಮಾಡಲು ರೈಲ್ವೆ 6 ತಿಂಗಳ ಗಡುವು ಇಟ್ಟಿತು. ಆ ಭಾಗದ ಹಿರಿಯ ಅಧಿಕಾರಿ ಅದನ್ನು 3 ತಿಂಗಳಿಗೆ ಇಳಿಸಿದರು. ಕೆಲಸ ವಹಿಸಿದ್ದು 32 ವರ್ಷದ ಒಬ್ಬ ಎಂಜಿನಿಯರಿಗೆ. ಪಾಲಕ್ಕಾಡಿನ ಕಡೆಯವರು, ಹೆಸರು ಇ. ಶ್ರೀಧರನ್. ಅವರು ಮುಗಿಸಿದ್ದು 46 ದಿನಕ್ಕೆ. ಹೇಗೆ ಆಯ್ತು ಅನ್ನುವುದು ದಿನಗಳ ಲೆಕ್ಕಕ್ಕಿಂತ ಸ್ವಾರಸ್ಯವಾಗಿದೆ. ಹೊಸ ಗರ್ಡರುಗಳನ್ನು ದೇಶದ ಬೇರೆ ಮೂಲೆಗಳಿಂದ ತರಿಸಬೇಕು ಅನ್ನುವ ಯೋಚನೆ ಮೊದಲು ಇತ್ತು. ಅಷ್ಟರಲ್ಲಿ ಅಲ್ಲಿನ ಮೀನುಗಾರರು, ಬಿದ್ದ ಗರ್ಡರುಗಳು ಕಡಲ ತಳದಲ್ಲಿ ಇಂಥ ಕಡೆ ಇವೆ ಅಂತ ತೋರಿಸಿದರು. ಆಳವಿಲ್ಲದ ಕಡಲು ಅಂತ ಹೇಳಿದೆನಲ್ಲ, ಊರನ್ನು ಮುಳುಗಿಸಿದ ಆ ಗುಣವೇ ಇಲ್ಲಿ ಉಪಕಾರಕ್ಕೆ ಬಂತು. ಕ್ರೇನು ಕಟ್ಟಿ ಹಳೆಯ ಕಬ್ಬಿಣವನ್ನೇ ಮೇಲೆತ್ತಿ ಮತ್ತೆ ಕಂಬದ ಮೇಲೆ ಕೂರಿಸಿದರು. ಮೊದಮೊದಲು ಒಂದೊಂದಕ್ಕೂ ಪರದಾಡಿದವರು ಕೈ ಪಳಗಿದ ಮೇಲೆ ದಿನಕ್ಕೆ ಹಲವನ್ನು ಏರಿಸಿದರು. ಶ್ರೀಧರನ್‌ಗೆ ರೈಲ್ವೆ ಮಂತ್ರಿಗಳಿಂದ 1000 ರೂಪಾಯಿ ಬಹುಮಾನ ಬಂತು. ಗರ್ಡರು ತೋರಿಸಿದ ಮೀನುಗಾರರ ಹೆಸರು ನಾನು ಓದಿದ ಯಾವ ಬರಹದಲ್ಲೂ ಇಲ್ಲ. ಕೊಂಕಣ ರೈಲು ಕಟ್ಟಿಸಿದವರೂ ಇದೇ ಶ್ರೀಧರನ್. ಕಾಸರಗೋಡು, ಮಂಗಳೂರಿನ ಕಡೆಯವರು ಇವತ್ತು ಗೋವಾ, ಬೊಂಬಾಯಿಗೆ ನೇರವಾಗಿ ಹೋಗುವುದು ಆ ದಾರಿಯಲ್ಲಿ.

ಸೇತುವೆ ಎದ್ದಿತು, ಊರು ಏಳಲಿಲ್ಲ. ಪಾಂಬನ್‌ನಿಂದ ಧನುಷ್ಕೋಡಿಗೆ ಹೋಗುವ ಹಳಿಯನ್ನು ಮತ್ತೆ ಹಾಕಲಿಲ್ಲ. ಮದ್ರಾಸ್ ಸರ್ಕಾರ ಆ ಊರನ್ನು ಜನ ವಾಸಿಸಲು ಯೋಗ್ಯವಲ್ಲ ಅಂತ ಸಾರಿತು. ಕವಲು ದಾರಿಯಾಗಿದ್ದ ರಾಮೇಶ್ವರವೇ ಕೊನೆಯ ಸ್ಟೇಷನ್ ಆಯ್ತು, ಹಡಗು ಹೊರಡುವುದೂ ಅಲ್ಲಿಂದಲೇ ಆಯ್ತು. ಮರಳಿನ ಮೇಲೆ ಮತ್ತೆ ಸಾವಿರಾರು ಜನರನ್ನು ಕೂರಿಸುವುದು ಬೇಡ ಅನ್ನುವುದರಲ್ಲಿ ತಪ್ಪಿಲ್ಲ, ಅದನ್ನು ಒಪ್ಪಬೇಕು. ಆದರೆ ಬಡ ಮೀನುಗಾರರು ಅದನ್ನು ಕೇಳಿದರೇ? ಮೀನು ಇರುವುದು ಅಲ್ಲೇ ತಾನೇ. ಮತ್ತೆ ಗುಡಿಸಲು ಹಾಕಿದರು. ಕರೆಂಟು ಇಲ್ಲ, ರಸ್ತೆ ಇಲ್ಲ, ಮರಳಲ್ಲಿ ಗುಂಡಿ ತೋಡಿ ಸಿಹಿನೀರು ತೆಗೆದುಕೊಂಡು ಹತ್ತಾರು ವರ್ಷ ಬದುಕಿದರು. ಕೊನೆಯ ಭೂಶಿರದವರೆಗೆ ಡಾಂಬರು ರಸ್ತೆ ಬಂದದ್ದು 2017ರಲ್ಲಿ. ಹಳಿಯನ್ನೂ ಮತ್ತೆ ಹಾಕುತ್ತೇವೆ ಅಂತ 2019ರಲ್ಲಿ ಶಂಕುಸ್ಥಾಪನೆ ಆಗಿದೆ.

ಈಗ ನಮಗೂ ಇದಕ್ಕೂ ಇರುವ ಸಂಬಂಧದ ಮಾತು. ಧನುಷ್ಕೋಡಿ ಮುಳುಗುವುದಕ್ಕೆ ಎರಡು ತಿಂಗಳೂ ಆಗಿರದ ಹಿಂದೆ, 1964ರ ಅಕ್ಟೋಬರ್ 30ರಂದು ದೆಹಲಿಯಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ, ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ಸಿಲೋನಿನ ಟೀ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ, ಯಾವ ದೇಶದ ಪ್ರಜೆಗಳೂ ಅಲ್ಲದ ಸುಮಾರು 9,75,000 ತಮಿಳರ ಹಣೆಬರಹ ಆ ಕಾಗದದಲ್ಲಿತ್ತು. 5,25,000 ಜನ ಭಾರತಕ್ಕೆ, 3,00,000 ಸಿಲೋನಿಗೆ, ಮಿಕ್ಕ 1,50,000 ಜನರ ವಿಷಯ ಆಮೇಲೆ ನೋಡೋಣ ಅಂತ. ಆಲೂಗಡ್ಡೆ ಹಂಚಿದ ಹಾಗೆ. ಇವರ ಅಜ್ಜ ಮುತ್ತಜ್ಜಂದಿರು ಹೋಗಿದ್ದೂ ಇದೇ ಕಡೆಯಿಂದ. ಮಂಡಪಂನ ಕ್ಯಾಂಪಿನಲ್ಲಿ ರೋಗ ರುಜಿನ ಇಲ್ಲ ಅಂತ ನೋಡಿಸಿಕೊಂಡು, ರೈಲಿನಲ್ಲಿ ಧನುಷ್ಕೋಡಿ ಮುಟ್ಟಿ, ಹಡಗು ಹತ್ತಿ ಹೋದವರು ಅವರಲ್ಲಿ ಬಹಳ ಜನ.

1960ರ ದಶಕದ ಕೊನೆಯಿಂದ ವಾಪಸು ಬರುವುದು ಶುರುವಾಯ್ತು. ತಲೈಮನ್ನಾರಿನಲ್ಲಿ ‘ರಾಮಾನುಜಂ’ ಅನ್ನುವ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿಯುವುದು, ಅಲ್ಲಿಂದ ರೈಲಿನಲ್ಲಿ ಪಾಂಬನ್ ಸೇತುವೆ ದಾಟಿ ಮಂಡಪಂ ಕ್ಯಾಂಪಿಗೆ, ಅಲ್ಲಿಂದ ಸರ್ಕಾರ ಹೇಳಿದ ಊರಿಗೆ. ಹಾಗೆ ಹೇಳಿದ ಊರುಗಳಲ್ಲಿ ದೊಡ್ಡದು ನಮ್ಮ ನೀಲಗಿರಿ. ಟೀ ಎಲೆ ಕೀಳುವುದು ಬಿಟ್ಟರೆ ಬೇರೆ ಕೆಲಸ ಕಲಿಯದವರಿಗೆ ಟೀ ತೋಟವೇ ಆಗಬೇಕಲ್ಲ. ಅವರಿಗೋಸ್ಕರವೇ 1968ರಲ್ಲಿ ಸರ್ಕಾರಿ ತೋಟಗಳು ಶುರುವಾದವು, ಈಗ ನಾವು ಟ್ಯಾನ್‌ಟೀ ಅನ್ನುವುದು ಅದನ್ನೇ. ಗೂಡಲೂರು, ಕೋತಗಿರಿ, ಕುನ್ನೂರು ಕಡೆ ಎಲ್ಲೆಲ್ಲಿ ನಾವು ‘ಸಿಲೋನ್‌ನವರು’ ಅನ್ನುತ್ತೇವೋ ಅವರೆಲ್ಲ ಆ ಸೇತುವೆ ದಾಟಿ ಬಂದವರು, ಇಲ್ಲವೇ ದಾಟಿ ಬಂದವರ ಮಕ್ಕಳು, ಮೊಮ್ಮಕ್ಕಳು. ನಮ್ಮ ಶಾಲೆಗಳಲ್ಲಿ ನಮ್ಮ ಮಕ್ಕಳ ಪಕ್ಕ ಕೂತವರು. ಸೇತುವೆ 46 ದಿನಕ್ಕೇ ಎದ್ದು ನಿಂತದ್ದು ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಲ್ಲ. ಅದು ಯಾತ್ರಿಕರಿಗೆ, ದ್ವೀಪದ ಜನಕ್ಕೆ ಬೇಕಾಗಿತ್ತು. ಆದರೂ ಅದು ಎದ್ದದ್ದರಿಂದ ಅವರಿಗೆ ಒಂದು ದಾರಿ ಇತ್ತು.

ನಮ್ಮ ಕಡೆಯ ಒಂದು ಲೈನ್‌ಮನೆಯ ಪಾಟಿಯನ್ನು ಈ ವಿಷಯ ಕೇಳಿದ್ದೆ. ಹಡಗಿನ ನೆನಪು ಅವರಿಗೆ ಚೆನ್ನಾಗಿಲ್ಲ, ವಾಂತಿ ಮಾಡಿಕೊಂಡು ಮಲಗಿದ್ದರಂತೆ. ಸೇತುವೆಯ ನೆನಪು ಮಾತ್ರ ಇದೆ. “ನಡೆದುಕೊಂಡು ಹೋಗುವವರಿಗಿಂತ ಸ್ವಲ್ಪ ಜೋರು, ಅಷ್ಟೇ ವಾದ್ಯಾರೇ. ಕಿಟಕಿಯಿಂದ ನೋಡಿದರೆ ಹಳಿ ಕಾಣಲ್ಲ, ನೀರೇ. ನಮ್ಮಪ್ಪ ಟ್ರಂಕಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದ” ಅಂದರು. ಧನುಷ್ಕೋಡಿಯ ಗಾಡಿಯ ಸುದ್ದಿ ಸಿಲೋನಿನಲ್ಲೂ ಎಲ್ಲರಿಗೂ ಗೊತ್ತಿತ್ತಂತೆ. ಅಪ್ಪ ಕಣ್ಣು ಮುಚ್ಚಿಕೊಂಡದ್ದು ಅದಕ್ಕೇ.

ಆ ಹಡಗು 1980ರ ದಶಕದಲ್ಲಿ ಶ್ರೀಲಂಕೆಯ ಯುದ್ಧ ಶುರುವಾದ ಮೇಲೆ ನಿಂತೇಹೋಯ್ತು. ಚೆನ್ನೈ ಎಗ್ಮೋರಿನಿಂದ ರಾಮೇಶ್ವರಕ್ಕೆ ಇವತ್ತೂ ಓಡುವ ಗಾಡಿಗೆ ಬೋಟ್ ಮೇಲ್ ಅಂತಲೇ ಹೆಸರು; ಬೋಟೂ ಇಲ್ಲ, ಮೇಲೂ ಇಲ್ಲ. ಹಳೆಯ ಪಾಂಬನ್ ಸೇತುವೆಗೆ ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಿದ್ದರು. ಗಂಟೆಗೆ 58 ಕಿಲೋಮೀಟರ್ ದಾಟಿದರೆ ಸಿಗ್ನಲ್ ತಾನಾಗಿ ಕೆಂಪಾಗುತ್ತಿತ್ತು, ಯಾವ ಡ್ರೈವರೂ ಕತ್ತಲಲ್ಲಿ ತನ್ನಷ್ಟಕ್ಕೆ ತೀರ್ಮಾನಿಸಬೇಕಾಗಿರಲಿಲ್ಲ. ಕಡಲ ಉಪ್ಪಿಗೆ ಕಬ್ಬಿಣ ತಿಂದುಹೋಗಿ ಆ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ಗಾಡಿ ನಿಲ್ಲಿಸಿದರು. ಪಕ್ಕದಲ್ಲಿ ಕಟ್ಟಿದ ಹೊಸದು 2025ರ ಏಪ್ರಿಲ್ 6ರಂದು ತೆರೆಯಿತು. ಅದರ ನಡುವಿನ ಭಾಗ ರೆಕ್ಕೆ ಬಿಚ್ಚುವುದಿಲ್ಲ, ಲಿಫ್ಟಿನ ಹಾಗೆ ನೇರ ಮೇಲಕ್ಕೆ ಹೋಗುತ್ತೆ.

ವಾಚನಾಲಯಕ್ಕೆ ಬರುವವರಲ್ಲಿ ಒಂದು ಕೇಳಿಕೆ. ಸಿಲೋನಿನಿಂದ ಬಂದ ಮನೆಗಳಲ್ಲಿ ‘ಫ್ಯಾಮಿಲಿ ಕಾರ್ಡ್’ ಅಂತ ಒಂದು ಹಳೆಯ ಕಾಗದ ಇರುತ್ತೆ. ಯಾರು ಬಂದರು, ಯಾವತ್ತು ಬಂದರು ಅನ್ನುವುದು ಅದರಲ್ಲಿದೆ. ಪೆಟ್ಟಿಗೆಯ ತಳದಲ್ಲಿ ಗೆದ್ದಲು ಹಿಡಿಯುತ್ತಿದ್ದರೆ ತಂದು ತೋರಿಸಿ. ಮೇಷ್ಟ್ರುಗಳು ಮಕ್ಕಳ ಕೈಯಲ್ಲಿ ಅದನ್ನು ನಕಲು ಮಾಡಿಸಿ ಇಲ್ಲೇ ಒಂದು ಕಟ್ಟು ಮಾಡಿಟ್ಟರೆ, 653ನೇ ಗಾಡಿಯಲ್ಲಿ ಟಿಕೆಟ್ ಇಲ್ಲದೆ ಹತ್ತಿದವರಿಗೆ ಸಿಗದೆ ಹೋದ ಲೆಕ್ಕ ಇವರಿಗಾದರೂ ಸಿಕ್ಕೀತು.